‘ನಾಳೆ’ಗೆ ಇಂಗ್ಲಿಷಿನಲ್ಲಿ ಪ್ರತ್ಯಯವೇ ಇಲ್ಲ

ಮೇ ತಿಂಗಳ ಕೊನೆಯ ವಾರ. ಮಲ್ಪೆಯ ಕಡಲ ದಡದಲ್ಲಿ ಒಣಮೀನು ಹರಡಿದ್ದ ಹೆಂಗಸೊಬ್ಬರು ಪಡುವಣಕ್ಕೆ ಒಮ್ಮೆ ತಲೆಯೆತ್ತಿ ನೋಡಿ, “ಬರ್ಸ ಬರ್ಪುಂಡು” ಎಂದವರೇ ಗಡಿಬಿಡಿಯಲ್ಲಿ ಮೀನು ಬಾಚಿ ಬುಟ್ಟಿಗೆ ತುಂಬತೊಡಗಿದರು. ಮಳೆ ಬರ್ತದೆ! ಜೊತೆಗಿದ್ದ ಅಕ್ಕನ ಮಗಳು, ಪಿಯುಸಿ ಹುಡುಗಿ, ಕೇಳಿದಳು: “ಮಾವ, ಇದಕ್ಕೆ ಇಂಗ್ಲಿಷಲ್ಲಿ ‘ಇಟ್ ವಿಲ್ ರೇನ್’ ಅಲ್ವಾ?”

ಹಾಗೆಂದರೆ ಅರ್ಥವೇನೋ ಆಗುತ್ತದೆ. ಆದರೆ ತಲೆಯ ಮೇಲೆ ಮೋಡ ಕವಿದಿರುವಾಗ ಇಂಗ್ಲಿಷರು ಹೇಳುವುದು ‘ಇಟ್ಸ್ ಗೋಯಿಂಗ್ ಟು ರೇನ್’ ಎಂದು. ಏಕೆಂದು ತಿಳಿಯಬೇಕಾದರೆ ನಮ್ಮ ಗೈಡುಗಳಲ್ಲಿರುವ ಪಟ್ಟಿಯನ್ನು ಮೊದಲು ಮರೆಯಬೇಕು. ಭೂತಕ್ಕೆ ‘ವೆಂಟ್’, ವರ್ತಮಾನಕ್ಕೆ ‘ಗೋ’, ಭವಿಷ್ಯಕ್ಕೆ ‘ವಿಲ್ ಗೋ’ ಎನ್ನುವ ಆ ಪಟ್ಟಿ ಕಂಡರೆ ನನಗೆ ಸಿಟ್ಟೇ ಬರುತ್ತದೆ. ಭೂತಕಾಲಕ್ಕೆ ಇಂಗ್ಲಿಷ್ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಭವಿಷ್ಯಕ್ಕೆ ಅಂಥ ರೂಪ ಇಲ್ಲವೇ ಇಲ್ಲ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಇಂಗ್ಲಿಷಿಗೆ ಭವಿಷ್ಯತ್ಕಾಲವೇ ಇಲ್ಲ ಎಂದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ವಾದಿಸಿದ್ದರು.

ಹಾಗಾದರೆ ಪಟ್ಟಿ ಬಂದದ್ದೆಲ್ಲಿಂದ? ಲ್ಯಾಟಿನ್‌ನಿಂದ. ಅಲ್ಲಿ ‘ಅಮಾಬೊ’ ಎಂದರೆ ಸಾಕು, ‘ಪ್ರೀತಿಸುವೆನು’ ಎಂದಾಯಿತು, ಎಲ್ಲ ಒಂದೇ ಪದದಲ್ಲಿ. 1586ರಲ್ಲಿ ವಿಲಿಯಂ ಬುಲೊಕರ್ ಇಂಗ್ಲಿಷಿಗೆ ಮೊದಲ ವ್ಯಾಕರಣ ಬರೆದಾಗ ಮುಂದಿದ್ದ ಮಾದರಿ ಲ್ಯಾಟಿನ್ನೇ. 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್‌ನಲ್ಲೇ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಕಟ್ಟಳೆ ಮಾಡಿದರು: ‘ಐ’, ‘ವಿ’ಗೆ ‘ಶಲ್’, ಉಳಿದವರಿಗೆ ‘ವಿಲ್’, ಅದಲುಬದಲಾದರೆ ಅದು ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ. ನಮ್ಮ ಅಜ್ಜಂದಿರು ಬಾಯಿಪಾಠ ಮಾಡಿದ್ದು ಇದನ್ನೇ.

ನನಗೆ ನಿಜಕ್ಕೂ ಖುಷಿ ಕೊಡುವ ಸಂಗತಿ ಇನ್ನೊಂದು: ಪದಗಳ ಸವೆತ. ಹಳೆಯ ಇಂಗ್ಲಿಷಿನಲ್ಲಿ ‘ವಿಲ್’ ಎಂದರೆ ಬಯಸು. ‘ಶಲ್’ ಎಂದರೆ ಸಾಲದಲ್ಲಿರು, ಕೊಡಬೇಕಾಗಿರು. ‘ಗೋಯಿಂಗ್ ಟು’ ಎಂದರೆ ಕಾಲಲ್ಲಿ ನಡೆದು ಹೋಗುವುದೇ. ಹಳೆಮನೆಯ ಮುರಕಲ್ಲಿನ ಮೆಟ್ಟಿಲು ಕಾಲು ಬಿದ್ದು ಬಿದ್ದು ನಡುವೆ ಗುಳಿಯಾಗುವಂತೆ ಈ ಪದಗಳೂ ಸವೆದವು. ಮಸೆದು ಮಸೆದು ಸಪೂರವಾದ ಹುಲ್ಲುಕತ್ತಿಯನ್ನು ನೋಡಿ: ಕಬ್ಬಿಣ ಹೋಯಿತು, ಕೆಲಸ ಉಳಿಯಿತು. ಇಷ್ಟು ದೂರವೂ ಬೇಡ, ನಮ್ಮ ‘ಕೊಳ್ಳು’ ಇಲ್ಲವೇ? ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತೇವೆ. ‘ಮಗು ಮಲಗಿಕೊಂಡಿತು’ ಎಂದಾಗ ಅದು ಕೊಂಡದ್ದೇನು? ಏನೂ ಇಲ್ಲ. ‘ಹೇಳಿಬಿಡು’ ಎನ್ನುವಲ್ಲಿ ಬಿಡುವುದಕ್ಕೂ ಏನಿಲ್ಲ. ಫ್ರೆಂಚಿನಲ್ಲಂತೂ ‘ಹಾಡಲಿಕ್ಕಿದೆ’ ಎಂಬಂಥ ಎರಡು ಪದಗಳು ಸವೆದು ಅಂಟಿಕೊಂಡು, ‘ಹಾಡುವೆನು’ ಎಂಬ ಒಂದೇ ಪದವಾಗಿ ಕೂತಿವೆ.

ಸವೆದರೂ ಹಳೆಯ ರುಚಿ ಪೂರ್ತಿ ಹೋಗಿಲ್ಲ. ವ್ಯತ್ಯಾಸದ ಗುಟ್ಟು ಇರುವುದೂ ಅಲ್ಲೇ. ‘ವಿಲ್’ನಲ್ಲಿ ಇನ್ನೂ ಮನಸ್ಸಿದೆ. ಫೋನು ರಿಂಗಾದ ಕೂಡಲೇ ‘ಐ ವಿಲ್ ಗೆಟ್ ಇಟ್’ ಎನ್ನುವುದು ಆ ಕ್ಷಣದಲ್ಲಿ ಮಾಡಿದ ಮನಸ್ಸು. ಮಳೆಗಾಲದಲ್ಲಿ ನಮ್ಮೂರ ಮರದ ಬಾಗಿಲು ಉಬ್ಬಿ ಕೂತರೆ ‘ದ ಡೋರ್ ವೋಂಟ್ ಓಪನ್’ ಎನ್ನಬಹುದು. ಅದು ನಾಳೆಯ ಮಾತೇ ಅಲ್ಲ, ಈಗ ಬಾಗಿಲು ಹಟ ಮಾಡುತ್ತಿದೆ! ಗೇಟಿನ ಸದ್ದಾದಾಗ ‘ದಟ್ ವಿಲ್ ಬಿ ದ ಪೋಸ್ಟ್‌ಮ್ಯಾನ್’ ಎಂದರೂ ಅಷ್ಟೇ: ‘ಪೋಸ್ಟಿನವರೇ ಇರಬೇಕು’ ಎಂಬ ಈಗಿನ ಊಹೆ.

‘ಗೋಯಿಂಗ್ ಟು’ನಲ್ಲಿ ಕಾಲು ಆಗಲೇ ದಾರಿಗೆ ಬಿದ್ದಿದೆ, ಅಂದರೆ ಮುಂದಾಗುವುದರ ಕುರುಹು ಈಗಲೇ ಕಾಣುತ್ತಿದೆ. ಮೀನು ಬಾಚಿದ ಆ ಹೆಂಗಸಿನ ಮಾತಿಗೆ ಅದು ಹೊಂದುವುದು ಇದಕ್ಕೇ. ಡಾಕ್ಟರರ ಹತ್ತಿರ ಮೊದಲೇ ಹೇಳಿ ಟೋಕನ್ ತೆಗೆದಿದ್ದರೆ ‘ಐ ಆ್ಯಮ್ ಸೀಯಿಂಗ್ ದ ಡಾಕ್ಟರ್ ಟುಮಾರೋ’. ಹಾಗೆಂದು ‘ಇಟ್ ಈಸ್ ರೇನಿಂಗ್ ಟುಮಾರೋ’ ಎನ್ನುವ ಹಾಗಿಲ್ಲ. ಮಳೆಯ ಹತ್ತಿರ ಟೋಕನ್ ತೆಗೆದವರಿಲ್ಲ. ಕ್ಯಾಲೆಂಡರಿನಲ್ಲೇ ಗಟ್ಟಿಯಾದದ್ದಕ್ಕೆ ಬರೀ ವರ್ತಮಾನ ಸಾಕು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ 61 ದಿನ ರಜೆ, ಹಾಗಾಗಿ ‘ದ ಬ್ಯಾನ್ ಎಂಡ್ಸ್ ಆನ್ ಜುಲೈ 31’. ಇನ್ನು ‘ವಿಲ್ ಹ್ಯಾವ್ ಲೆಫ್ಟ್’ ಎಂದರೆ ಹೆದರುವ ಮಕ್ಕಳಿಗೆ ನಮ್ಮ ಮಾತನ್ನೇ ತೋರಿಸಬೇಕು: “ನೀನು ಇಂದ್ರಾಳಿ ಸ್ಟೇಷನ್ ಮುಟ್ಟುವಾಗ ರೈಲು ಹೋಗಿ ಆಗಿರ್ತದೆ.” ಅಷ್ಟೇ ಅದು.

ಪಟ್ಟಿಯಿಂದ ಮಕ್ಕಳಿಗೆ ಆಗುವ ನಷ್ಟ ಸಣ್ಣದಲ್ಲ. ಭವಿಷ್ಯ ಎಂದರೆ ‘ವಿಲ್’ ಎಂದು ಕಲಿತ ಈ ಹುಡುಗಿ ‘ಇಫ್ ಇಟ್ ವಿಲ್ ರೇನ್ ಟುಮಾರೋ’ ಎಂದು ಬರೆದು ಅಂಕ ಕಳೆದುಕೊಂಡಿದ್ದಳು. ಏಕೆ ತಪ್ಪೆಂದು ಯಾರೂ ಹೇಳಿರಲಿಲ್ಲ. ‘ನಾಳೆ ಮಳೆ ಬಂದರೆ’ ಎನ್ನುತ್ತೇವಲ್ಲ, ಆ ‘ಬಂದ’ ಯಾವ ಕಾಲದ್ದು ಎಂದು ನಾನು ಕೇಳಿದೆ. ಸ್ವಲ್ಪ ಯೋಚಿಸಿ, “ಅಯ್ಯೋ, ಭೂತಕಾಲ!” ಎಂದಳು. ನಾಳೆಯ ಮಳೆಗೆ ಕನ್ನಡ ಭೂತಕಾಲದ ರೂಪ ಹಿಡಿಯುತ್ತದೆ, ಇಂಗ್ಲಿಷ್ ವರ್ತಮಾನದ್ದು. ‘ಆದರೆ’ ಎಂಬ ಷರತ್ತಿನಲ್ಲಿ ಆಗಲೇ ನಾಳೆ ಇದೆ. ಮತ್ತೆ ‘ವಿಲ್’ ಯಾಕೆ?

ಅಷ್ಟರಲ್ಲಿ ದಪ್ಪ ಹನಿ ಬಿತ್ತು. “ಹಾಗಾದ್ರೆ ಮಾವ, ‘ಶಲ್’ ಈಗ ಯಾರೂ ಹೇಳುದಿಲ್ವಾ?”

ಹೇಳುತ್ತಾರೆ, ‘ಶಲ್ ವಿ ಗೋ?’ ಎಂದು ಜೊತೆಯವರ ಮನಸ್ಸು ಕೇಳುವಾಗ. ಕನ್ನಡ ವ್ಯಾಕರಣದಲ್ಲಿ ಭವಿಷ್ಯತ್ತಿನ ಗುರುತು ‘ಉವ’. ನಮ್ಮ ಕರಾವಳಿಯ ಆಡುಮಾತಿನಲ್ಲಿ ಅದು ಉಳಿದಿರುವ ಒಂದು ಜಾಗವೂ ಇದೇ ಎಂದು ಅವಳಿಗೆ ಹೇಳಲು ಬಾಯಿ ತೆರೆದೆ. ಅವಳು ಆಗಲೇ ಕೊಡೆ ಬಿಡಿಸಿ ಎದ್ದು ನಿಂತಿದ್ದಳು.

“ಹೋಗುವನಾ ಮಾವ?”