ಆಟ ಬರೆದವರ ಹೆಸರು ಹಾಕದ ಅಟಾರಿ

ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೊ ಗೇಮ್ ಡಬ್ಬಿ ಅಟಾರಿ 2600ರ ಒಳಗಿದ್ದ ಮೆಮೊರಿ ಬರೀ 128 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ ಈಗಿನ ಕಂಪ್ಯೂಟರ್ ಸಾಮಾನ್ಯವಾಗಿ ಕನಿಷ್ಠ 3 ಬೈಟ್ ಬಳಸುತ್ತದೆ. ಅಂದ್ರೆ ಈ ಎರಡು ವಾಕ್ಯ ಇಡೋಕೂ ಅದರಲ್ಲಿ ಜಾಗ ಇರಲಿಲ್ಲ!

1977ರಲ್ಲಿ ಅಮೆರಿಕದಲ್ಲಿ ಸುಮಾರು 200 ಡಾಲರಿಗೆ ಬಂದ ಡಬ್ಬಿ ಅದು. ಮುಂಭಾಗಕ್ಕೆ ಮರದ ಹಲಗೆಯಂಥ ಅಲಂಕಾರ. ಆಟ ತುಂಬಿದ ಕಾರ್ಟ್ರಿಜ್ ಬದಲಿಸಿದರೆ ಆಟ ಬದಲಾಗುತ್ತಿತ್ತು. ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳೋ ಶಕ್ತಿ ಅದಕ್ಕಿರಲಿಲ್ಲ. ಟಿವಿ ಪರದೆಯ ಮೇಲೆ ಒಂದು ಗೆರೆ ಮೂಡುವಷ್ಟರಲ್ಲಿ ಆ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಂ ಹೇಳಬೇಕಿತ್ತು. ತಡವಾದರೆ ಚಿತ್ರ ಕೆಟ್ಟಿತು. ಹಾಗಾಗಿ ಡಬ್ಬಿಯ ಜೀವ ಇದ್ದದ್ದು ಪ್ರೋಗ್ರಾಂ ಬರೆಯುವವರ ಕೈಚಳಕದಲ್ಲಿ.

ಡಬ್ಬಿ ಮಾಡಿದ ಅಟಾರಿ ಕಂಪನಿ ಅವರ ಹೆಸರನ್ನೇ ಹಾಕುತ್ತಿರಲಿಲ್ಲ. ಒಂದು ಆಟಕ್ಕೆ ಸಾಮಾನ್ಯವಾಗಿ ಒಬ್ಬನೇ ದುಡಿಯುತ್ತಿದ್ದ ಕಾಲ ಅದು. ಆಟ ಎಷ್ಟೇ ಮಾರಾಟವಾದರೂ ಕೈಗೆ ಸಿಗುತ್ತಿದ್ದದ್ದು ಸಂಬಳ. ವಾರೆನ್ ರಾಬಿನೆಟ್ ಎಂಬಾತ 'ಅಡ್ವೆಂಚರ್' ಆಟದೊಳಗೆ ಒಂದು ಗುಟ್ಟಿನ ಕೋಣೆ ಕಟ್ಟಿ, ಅಲ್ಲಿ ತನ್ನ ಹೆಸರು ಬರೆದುಬಿಟ್ಟ. ಹಿನ್ನೆಲೆಯ ಬಣ್ಣದಲ್ಲೇ ಕಲೆತುಹೋಗುವ ಒಂದು ಚುಕ್ಕಿಯನ್ನು ಹುಡುಕಿ ಹೊತ್ತು ತಂದರೆ ಮಾತ್ರ ಒಳಗೆ ಪ್ರವೇಶ. ಕಂಪನಿಗೆ ಗೊತ್ತಾಗುವ ಹೊತ್ತಿಗೆ ಆತ ಕೆಲಸ ಬಿಟ್ಟಾಗಿತ್ತು.

1979ರಲ್ಲಿ ಡೇವಿಡ್ ಕ್ರೇನ್ ಸೇರಿ ಪ್ರೋಗ್ರಾಂ ಬರೆಯುವ ನಾಲ್ವರು ಅಟಾರಿಯಿಂದ ಹೊರಬಿದ್ದು ಆಕ್ಟಿವಿಷನ್ ಎಂಬ ಕಂಪನಿ ಕಟ್ಟಿದರು. ಅಟಾರಿಯ ಡಬ್ಬಿಗೇ ಆಟ ಮಾಡಿ, ಬರೆದವರ ಹೆಸರು ಹಾಕಿಯೇ ಮಾರಿದರು. ಅಟಾರಿ ಕೋರ್ಟಿಗೆ ಹೋಯಿತು. ಕೊನೆಗೆ ಆಕ್ಟಿವಿಷನ್ ಅಟಾರಿಗೆ ರಾಯಲ್ಟಿ, ಅಂದ್ರೆ ಮಾರಾಟದಲ್ಲಿ ಪಾಲು, ಕೊಡುವ ರಾಜಿಯಾಯಿತು. ಬೇಲಿ ಮುರಿದು ಬಿದ್ದದ್ದೇ ತಡ, ಸಿಕ್ಕಸಿಕ್ಕವರೆಲ್ಲ ನುಗ್ಗಿದರು. ಅಂಗಡಿ ತುಂಬ ಕಳಪೆ ಆಟಗಳು.

ಅಟಾರಿಯೇನು ಕಡಿಮೆ? 1980ರ 'ಸ್ಪೇಸ್ ಇನ್ವೇಡರ್ಸ್' ತಂದ ಗೆಲುವು ತಲೆಗೇರಿತ್ತು. 1982ರ 'ಪ್ಯಾಕ್-ಮ್ಯಾನ್'ನಲ್ಲಿ ದೆವ್ವಗಳು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಅನ್ನುತ್ತಿದ್ದವು. ಆದರೂ ಲಕ್ಷಗಟ್ಟಲೆ ಮಾರಾಟವಾಯಿತು, ಅದಕ್ಕಿಂತ ಜಾಸ್ತಿ ತಯಾರಾಗಿತ್ತು. 'ಇ.ಟಿ.' ಸಿನಿಮಾ ಆಧರಿಸಿದ ಆಟವನ್ನು ಬರೆಯಲು ಹೊವರ್ಡ್ ಸ್ಕಾಟ್ ವಾರ್ಶಾಗೆ ಸಿಕ್ಕಿದ್ದು ಬರೀ ಐದು ವಾರ. ಕ್ರಿಸ್‌ಮಸ್‌ಗೆ ಅಂಗಡಿ ಸೇರಲೇಬೇಕಿತ್ತಲ್ವಾ! ಆಟದ ಪಾತ್ರ ಪದೇ ಪದೇ ಗುಂಡಿಗೆ ಬೀಳುತ್ತಿತ್ತು.

1983ರಲ್ಲಿ ಮಾರುಕಟ್ಟೆಯೇ ಕುಸಿಯಿತು. ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಗೆ ಸುರಿದರು. ಅಟಾರಿಯ ಒಡೆಯರಾಗಿದ್ದ ವಾರ್ನರ್ ಕಂಪನಿಯವರು ಮರುವರ್ಷವೇ ಅದರ ಮನೆಬಳಕೆಯ ವ್ಯಾಪಾರವನ್ನು ಮಾರಿ ಕೈತೊಳೆದುಕೊಂಡರು. ಡಬ್ಬಿ ಮಾತ್ರ ಅಗ್ಗದ ರೂಪದಲ್ಲಿ 90ರ ದಶಕದ ಆರಂಭದವರೆಗೂ ಮಾರಾಟವಾಗುತ್ತಿತ್ತು.

2014ರಲ್ಲಿ ಆ ಗುಂಡಿಯನ್ನು ಅಗೆದರು. ಜಜ್ಜಿಹೋದ ಪೆಟ್ಟಿಗೆಗಳ ನಡುವೆ 'ಇ.ಟಿ.' ಕಾರ್ಟ್ರಿಜ್‌ಗಳು ಸಿಕ್ಕವು. ನೋಡಲು ಸೇರಿದ್ದ ಜನರ ನಡುವೆ ವಾರ್ಶಾ ಕೂಡ ಇದ್ದರು.