ಬಿಪಿ ಏರಿಸುವ ಪುಟ್ಟ ಗೆಡ್ಡೆ: ಅಡ್ರಿನಲ್ ಕಥೆ ಎಲ್ಲಿಂದ ಎಲ್ಲಿಗೆ ಬಂತು?

2025ರ ಜೂನ್–ಜುಲೈನಲ್ಲಿ ಟಿವಿ ಹಾಕಿದರೆ ಹಾಸನದ ಹೃದಯಾಘಾತಗಳದ್ದೇ ಸುದ್ದಿ. ತಪಾಸಣೆಗೆಂದು ಜನ ಮೈಸೂರಿನ ಜಯದೇವ ಆಸ್ಪತ್ರೆವರೆಗೂ ಹೋಗಿ ಸಾಲು ನಿಂತರು. ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಎಂದು ತಜ್ಞರ ಸಮಿತಿ ಆಮೇಲೆ ಹೇಳಿತು. ಆ ಗಲಾಟೆಯಲ್ಲಿ ಬಿಪಿ ಎಷ್ಟಿದೆ ಅನ್ನೋದು ಎಲ್ಲರ ಬಾಯಲ್ಲೂ ಬಂತು. ಯಾಕಿದೆ ಅನ್ನೋದು ಮಾತ್ರ ಅಷ್ಟಾಗಿ ಬರಲಿಲ್ಲ.

ಹೆಚ್ಚಿನವರ ಬಿಪಿಗೆ ಇಂಥದ್ದೇ ಒಂದು ಕಾರಣ ಅಂತ ಇರುವುದಿಲ್ಲ, ನಿಜ. ಆದರೆ ಬಿಪಿ ಇರುವ 100 ಜನರಲ್ಲಿ 5ರಿಂದ 10 ಮಂದಿಗೆ ಇರುತ್ತದೆ. ಅವರ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಬೇಕಾದ್ದಕ್ಕಿಂತ ಜಾಸ್ತಿ ಸುರಿಸುತ್ತದೆ. ಅದು ಉಪ್ಪನ್ನು ದೇಹದಲ್ಲೇ ಉಳಿಸಿ, ಪೊಟ್ಯಾಸಿಯಂ ಹೊರಗೆ ಹಾಕಿ ಬಿಪಿ ಏರಿಸುತ್ತದೆ. ಕೆಲವರಲ್ಲಿ ಎರಡೂ ಕಡೆಯ ಗ್ರಂಥಿ ಹೀಗೆ ಮಾಡುತ್ತದೆ, ಕೆಲವರಲ್ಲಿ ಒಂದೇ ಕಡೆಯ ಸಣ್ಣ ಗೆಡ್ಡೆ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಕಿಡ್ನಿಯ ನೆತ್ತಿಯ ಮೇಲೆ ಕೂರುವ, ನಾಲ್ಕೈದು ಗ್ರಾಂ ತೂಗುವ ಗ್ರಂಥಿಯ ಕೆಲಸ ಇದು.

ಆಲ್ಡೋಸ್ಟಿರೋನ್ ಪತ್ತೆಯಾಗಿದ್ದು 1953ರಲ್ಲಿ. ಮರುವರ್ಷ ಅಮೆರಿಕದ ಮಿಷಿಗನ್‌ನಲ್ಲಿ ಜೆರೋಮ್ ಕಾನ್ ಎಂಬ ವೈದ್ಯರ ಬಳಿ 34 ವರ್ಷದ ಹೆಂಗಸೊಬ್ಬರು ಬಂದರು. ಕೈಕಾಲು ಸೆಳೆತ, ನಿಶ್ಶಕ್ತಿ, ಬಿಪಿ, ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಆಪರೇಷನ್ ಮಾಡಿದಾಗ ಬಲಗಡೆ ಗ್ರಂಥಿಯಲ್ಲಿ ಗೆಡ್ಡೆ ಸಿಕ್ಕಿತು. ತೆಗೆದ ಮೇಲೆ ಆಕೆ ಚೇತರಿಸಿಕೊಂಡರು. ಅಲ್ಲಿಂದ ಮುಂದಿನ ಅರ್ಧ ಶತಮಾನ ಸ್ಕ್ಯಾನ್ ಬಂತು, ಮಾತ್ರೆ ಬಂತು, ರಕ್ತಪರೀಕ್ಷೆ ಬಂತು. ಗೆಡ್ಡೆ ಯಾಕೆ ಹುಟ್ಟುತ್ತದೆ ಅನ್ನೋದು ಮಾತ್ರ ಹಾಗೇ ಉಳಿಯಿತು.

ಗಂಟು ಬಿಚ್ಚಿದ್ದು 2011ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ಅವರ ತಂಡ 22 ಗೆಡ್ಡೆಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 8ರಲ್ಲಿ ಒಂದೇ ಜೀನ್ ಕೆಟ್ಟಿತ್ತು, ಅದರ ಹೆಸರು ಕೆಸಿಎನ್‌ಜೆ5. ಜೀವಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹಾಯುವ ಬಾಗಿಲೊಂದನ್ನು ಕಟ್ಟುವ ಜೀನ್ ಇದು. ಎಸ್ಟೇಟ್ ಗೇಟಿನ ವಾಚ್‌ಮನ್ ಇದ್ದ ಹಾಗೆ ಅಂದುಕೊಳ್ಳಿ: ಪೊಟ್ಯಾಸಿಯಂ ಬಿಟ್ಟು ಬೇರೆ ಯಾರನ್ನೂ ಬಿಡಬಾರದು. ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಅವನಿಗೆ ಗುರುತು ಮರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ. ಆಗ ಜೀವಕೋಶದ ವಿದ್ಯುತ್ ಸಮತೋಲ ಏರುಪೇರಾಗುತ್ತದೆ, ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ಬಂತೆಂದರೆ ಆಲ್ಡೋಸ್ಟಿರೋನ್ ತಯಾರಿಸು ಅಂತಲೇ ಅರ್ಥ. ಮೇಲಿನಿಂದ ಯಾರೂ ಅಪ್ಪಣೆ ಕೊಟ್ಟಿರುವುದಿಲ್ಲ, ಆದರೂ ಉತ್ಪಾದನೆ ನಿಲ್ಲುವುದಿಲ್ಲ.

2013ರಲ್ಲಿ ಇನ್ನೂ ಮೂರು ಜೀನ್‌ಗಳು ಸಿಕ್ಕವು. ಒಂದು ಕ್ಯಾಲ್ಸಿಯಂ ಬಾಗಿಲಿನದೇ, ಇನ್ನೆರಡು ಲವಣಗಳ ಪಂಪುಗಳದ್ದು. ದಾರಿ ಬೇರೆಬೇರೆ, ಊರು ಒಂದೇ: ಜೀವಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುವುದು. 2014ರಲ್ಲಿ ಅಡ್ರಿನಲ್‌ನ ಇನ್ನೊಂದು ಹಾರ್ಮೋನ್ ಕಾರ್ಟಿಸೋಲ್ ಸುರಿಸುವ ಗೆಡ್ಡೆಗಳಲ್ಲಿ ಪಿಆರ್‌ಕೆಎಸಿಎ ಜೀನಿನ ದೋಷ ಕಂಡಿತು. ಅಲ್ಲಿ ಕೆಡುವುದು ಬೇರೆಯದೇ ಸಂಕೇತ ಸರಣಿ.

‘ಮಕ್ಕಳಿಗೂ ಬರುತ್ತಾ?’ ಜೀನ್ ಅಂದ ಕೂಡಲೇ ಬರುವ ಪ್ರಶ್ನೆ ಇದು. ಆಲ್ಡೋಸ್ಟಿರೋನ್ ಗೆಡ್ಡೆಗಳಲ್ಲಿ ಬಹುಪಾಲು ಇಲ್ಲ. ದೋಷ ಗೆಡ್ಡೆಯ ಜೀವಕೋಶಗಳಲ್ಲಿ ಮಾತ್ರ ಇರುತ್ತದೆ. ಅಡ್ರಿನಲ್‌ನ ಒಳತಿರುಳಿನಲ್ಲಿ ಹುಟ್ಟುವ ಫಿಯೋಕ್ರೋಮೋಸೈಟೋಮಾ ಎಂಬ ಗೆಡ್ಡೆ ಹಾಗಲ್ಲ. ಅದರಲ್ಲಿ ಸುಮಾರು ಮೂರರಲ್ಲೊಂದು ಮನೆತನದಲ್ಲೇ ಬಂದಿರುತ್ತದೆ. ಆ ರೋಗಿಗೆ ಜೀನ್ ಪರೀಕ್ಷೆ ಮಾಡಿಸಲೇಬೇಕು.

ಇಷ್ಟೆಲ್ಲ ತಿಳಿದ ಮೇಲೂ ಹೆಚ್ಚಿನ ಬಿಪಿ ಚೀಟಿಗಳಲ್ಲಿ ಮಾತ್ರೆ ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಮೂರಾಗುತ್ತದೆ. ಆಲ್ಡೋಸ್ಟಿರೋನ್ ಮತ್ತು ರೆನಿನ್ (ಆಲ್ಡೋಸ್ಟಿರೋನ್ ತಯಾರಿಗೆ ಅಪ್ಪಣೆ ಕೊಡಿಸುವ, ಕಿಡ್ನಿಯಿಂದ ಬರುವ ವಸ್ತು) ಪರೀಕ್ಷೆಯ ಹೆಸರು ಅಲ್ಲಿ ಕಾಣುವುದು ಅಪರೂಪ. ಮಾಡಿಸುವುದೂ ಸುಮ್ನೆ ಅಲ್ಲ. ಬೆಳಿಗ್ಗೆ ಎದ್ದು ಎರಡು ಗಂಟೆಯಾದರೂ ಓಡಾಡಿರಬೇಕು, ಆಮೇಲೆ ಸ್ವಲ್ಪ ಹೊತ್ತು ಕೂತು ರಕ್ತ ಕೊಡಬೇಕು. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ತೆಗೆದ ರಕ್ತವನ್ನು ಹಾಗೇ ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಬಸ್ಸಿಗೆ ಹತ್ತಿಸಿದರೆ ಲೆಕ್ಕವೇ ತಪ್ಪಬಹುದು. ಈ ಕಾಯಿಲೆಯಲ್ಲಿ ಕಡಿಮೆ ಇರಬೇಕಾದ ರೆನಿನ್ ತಂಪಿಗೆ ಸುಳ್ಳೇ ಏರುತ್ತದೆ, ಇರುವ ಕಾಯಿಲೆ ಇಲ್ಲ ಅಂತ ವರದಿ ಬರುತ್ತದೆ. ರಕ್ತವನ್ನು ಕೋಣೆಯ ಉಷ್ಣಾಂಶದಲ್ಲೇ ಇಟ್ಟು, ಪ್ಲಾಸ್ಮಾ ಅಂದರೆ ಅದರ ತಿಳಿಭಾಗವನ್ನು ಬೇರ್ಪಡಿಸಿ, ಆಮೇಲೆ ಅದನ್ನು ಬೇಗ ಫ್ರೀಜ್ ಮಾಡಬೇಕು. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿ ಬಿಪಿ ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡಿಸಿ ಎನ್ನುತ್ತದೆ. ಎಲ್ಲರಿಗೂ ಆಗದಿದ್ದರೆ ಬೇಡ. ಮೂರು ಮಾತ್ರೆಗೂ ಇಳಿಯದವರಿಗೆ, ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಒಮ್ಮೆಯಾದರೂ ಮಾಡಿಸಬಹುದು, ಅಲ್ವಾ? ಗೆಡ್ಡೆ ಒಂದೇ ಕಡೆ ಇದ್ದರೆ ಆಪರೇಷನ್ ಇದೆ. ಎರಡೂ ಕಡೆ ತೊಂದರೆಯಿದ್ದರೆ ಆಲ್ಡೋಸ್ಟಿರೋನ್ ಕೆಲಸಕ್ಕೆ ಅಡ್ಡ ಬರುವ ಸ್ಪೈರೊನೊಲ್ಯಾಕ್ಟೋನ್ ಇದೆ, ಅದೇನೂ ದುಬಾರಿ ಮಾತ್ರೆಯಲ್ಲ.