ಡ್ರಾಫ್ಟ್‌ನಲ್ಲಿ ಆಯ್ಕೆಯಾದರೆ ಲೈಫ್ ಸೆಟ್ಲಾ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಕಾಲೇಜು ತಂಡಕ್ಕೆ ಬೇಸ್‌ಬಾಲ್ ಆಡ್ತಾನೆ. ದೊಡ್ಡ ಕ್ಲಬ್ ಯಾವುದಾದರೂ ಡ್ರಾಫ್ಟ್‌ನಲ್ಲಿ ತಗೊಂಡ್ರೆ ಕೋಟಿಗಟ್ಟಲೆ ದುಡ್ಡು, ಲೈಫ್ ಸೆಟ್ಲ್ ಅಲ್ವಾ ಸರ್?

ಉತ್ತರ: ಅಲ್ಲ. ಅಕ್ಕನ ಮಗ ಹೋಗಿ ಅಣ್ಣನ ಮಗ ಬರುತ್ತಾನೆ, ಪ್ರಶ್ನೆ ಮಾತ್ರ ಇದೇ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಈ ತಪ್ಪು ತಿಳಿವಳಿಕೆಗೆ ಮೂಲ ನಮ್ಮ ಐಪಿಎಲ್ ಹರಾಜು. ಅಲ್ಲಿ ಸುತ್ತಿಗೆ ಬಿದ್ದರೆ ರೇಟೂ ಗೊತ್ತು, ತಂಡವೂ ಗೊತ್ತು. ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಯಾರೂ ಕೂಗುವುದಿಲ್ಲ. ‘ಈ ಹುಡುಗನ ಜೊತೆ ಮಾತಾಡುವ ಹಕ್ಕು ನಮ್ಮದು’ ಎಂದು ಕ್ಲಬ್ ಗುರುತು ಹಾಕುತ್ತದೆ, ಅಷ್ಟೇ. ಈಗ 20 ಸುತ್ತು, 600ಕ್ಕೂ ಹೆಚ್ಚು ಹುಡುಗರು. 2023ರಲ್ಲಿ ಮೊದಲು ಆಯ್ಕೆಯಾದ ಪಾಲ್ ಸ್ಕೀನ್ಸ್‌ಗೆ ಸಹಿ ಹಾಕಿದ್ದಕ್ಕೆ 92 ಲಕ್ಷ ಡಾಲರ್ ಬೋನಸ್ ಸಿಕ್ಕಿತು. ಪೇಪರಿನಲ್ಲಿ ಬರುವುದು ಆ ಸುದ್ದಿ. ಕೊನೆಯ ಸುತ್ತುಗಳಲ್ಲಿ ಕೆಲವೇ ಸಾವಿರ ಡಾಲರಿಗೆ ಸಹಿ ಹಾಕುವವರ ಸುದ್ದಿ ಯಾರಿಗೆ ಬೇಕು?

ಸಹಿ ಹಾಕಿದ ಮೇಲೆ ಏಣಿ ಶುರು. ತುದಿಯಲ್ಲಿ ದೊಡ್ಡ ಕ್ಲಬ್‌ಗಳು ಆಡುವ ಮೇಜರ್ ಲೀಗ್, ಅದರ ಕೆಳಗಿನ ಮೆಟ್ಟಿಲುಗಳೆಲ್ಲ ಮೈನರ್ ಲೀಗ್. ಕೆಳಗಿನಿಂದ ಹೇಳುವುದಾದರೆ ಸಿಂಗಲ್–ಎ, ಹೈ–ಎ, ಡಬಲ್–ಎ, ಟ್ರಿಪಲ್–ಎ. 30 ಕ್ಲಬ್‌ಗಳಿಗೂ ತಲಾ ನಾಲ್ಕು ತಂಡ, ಒಟ್ಟು 120. ಇವುಗಳ ಕೆಳಗೆ ಹೊಸಬರ ಲೀಗ್ ಬೇರೆ. ಹೆಚ್ಚಿನವರು ಈ ಏಣಿಯ ಮೇಲೇ ಉಳಿದುಬಿಡುತ್ತಾರೆ.

ಇನ್ನು ಸಂಬಳ. 2022ರ ತನಕ ಸಿಂಗಲ್–ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 11,000 ಡಾಲರ್. ಸೀಸನ್ ಮುಗಿದರೆ ಅದೂ ಬಂದ್. ಒಂದೇ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ, ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ, ರಾತ್ರಿಯಿಡೀ ಬಸ್ಸು. ಚಳಿಗಾಲದಲ್ಲಿ ಗೋಡೌನಿನಲ್ಲೋ ಅಂಗಡಿಯಲ್ಲೋ ಕೆಲಸ. ಆಟಗಾರರು ಕೋರ್ಟಿಗೆ ಹೋದರು, ಯೂನಿಯನ್ ಸೇರಿದರು. 2022ರಿಂದ ವಸತಿ ಕ್ಲಬ್‌ನದ್ದು. 2023ರ ಒಪ್ಪಂದದಲ್ಲಿ ಸಿಂಗಲ್–ಎಗೆ 26,200, ಟ್ರಿಪಲ್–ಎಗೆ 35,800 ಡಾಲರ್ ಆಯಿತು.

‘ಸುಮಾರು 30 ಲಕ್ಷ ರೂಪಾಯಿ ಆಯ್ತಲ್ಲ, ಕಮ್ಮೀನಾ?’ ಅಂತ ಕೇಳಬೇಡಿ. ಅವನು ತಿನ್ನುವುದೂ ಡಾಲರಿನಲ್ಲೇ. ಅದೇ ವರ್ಷ ಮೇಜರ್ ಲೀಗಿನ ಕನಿಷ್ಠ ಸಂಬಳ 7,20,000 ಡಾಲರ್. ಅಲ್ಲಿ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಮೇಲೆ ಒಂದು ವಾರ ಇದ್ದು ಬಂದರೆ ಸಿಂಗಲ್–ಎಯ ಇಡೀ ವರ್ಷದ ಸಂಬಳ ಕೈಗೆ ಬಂದ ಹಾಗೆ. ಅದಕ್ಕೇ ಯಾರೂ ಬೇಗ ಬಿಟ್ಟು ಹೋಗುವುದಿಲ್ಲ.

ಡ್ರೂ ಮ್ಯಾಗಿ ಅಂತ ಒಬ್ಬರಿದ್ದಾರೆ. ಪಿಟ್ಸ್‌ಬರ್ಗ್ ಪೈರೇಟ್ಸ್ 2010ರಲ್ಲಿ 15ನೇ ಸುತ್ತಿನಲ್ಲಿ ಆರಿಸಿದ ಹುಡುಗ. ಕ್ಲಬ್‌ನಿಂದ ಕ್ಲಬ್‌ಗೆ ಅಲೆದು, 13 ಸೀಸನ್ ಕೆಳಗೇ ಆಡಿ, 2023ರ ಏಪ್ರಿಲ್‌ನಲ್ಲಿ ಅದೇ ಪಿಟ್ಸ್‌ಬರ್ಗ್ ಪರ ಬ್ಯಾಟ್ ಹಿಡಿದರು. ವಯಸ್ಸು 33. ಕ್ರೀಡಾಂಗಣವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆಮೇಲೆ ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್! ಕೆಲವೇ ದಿನ ಬಿಟ್ಟು ವಾಷಿಂಗ್ಟನ್‌ನಲ್ಲಿ ಮೊದಲ ಹಿಟ್ ಸಿಕ್ಕಿತು ಅನ್ನಿ.

ಅಂದ ಹಾಗೆ, ಈ ಸಂಬಳ ಕೊಡುವವರು ಯಾರು? ಇದನ್ನು ಯಾರೂ ಕೇಳುವುದಿಲ್ಲ, ನಿಜಕ್ಕೂ ಕೇಳಬೇಕಾದ್ದು ಇದೇ. ಮೈನರ್ ಲೀಗಿನಲ್ಲಿ ಊರಿನ ತಂಡ ಟಿಕೆಟ್ ಮಾರುತ್ತದೆ, ಹಾಟ್ ಡಾಗ್ ಮಾರುತ್ತದೆ, ಮೈದಾನ ನೋಡಿಕೊಳ್ಳುತ್ತದೆ. ಆಟಗಾರ, ಕೋಚ್, ಮ್ಯಾನೇಜರ್ ಎಲ್ಲರ ಸಂಬಳ ಮೇಲಿನ ಕ್ಲಬ್‌ನದ್ದು. ಹಾಗಾಗಿ ಪಿಚರ್ ಚೆನ್ನಾಗಿ ಎಸೆಯುತ್ತಿದ್ದರೂ, ಇಂತಿಷ್ಟು ಎಸೆತ ಮುಗಿಯಿತು ಅಂದರೆ ಹೊರಗೆ. ಪಂದ್ಯ ಸೋತರೆ ಸೋಲಲಿ, ಮೇಲಿನವರಿಗೆ ಬೇಕಿರುವುದು ಅವನ ತೋಳು. ಒಳ್ಳೆಯ ಬ್ಯಾಟರ್ ಇದ್ದರೆ ಸೀಸನ್ ನಡುವೆಯೇ ಎತ್ತಿಕೊಂಡು ಹೋಗುತ್ತಾರೆ, ಊರಿನವರನ್ನು ಕೇಳುವ ಪದ್ಧತಿಯೇ ಇಲ್ಲ.

ಒಹಾಯೊದ ಟೊಲೀಡೊ ಮಡ್ ಹೆನ್ಸ್ ನೋಡಿ. ತಂಡ ಅಲ್ಲಿನ ಲ್ಯೂಕಸ್ ಕೌಂಟಿಯದ್ದು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಆಟಗಾರರು ಡೆಟ್ರಾಯ್ಟ್ ಟೈಗರ್ಸ್ ಕ್ಲಬ್‌ನವರು. ಅಮೆರಿಕದ ಮೈನರ್ ಲೀಗ್‌ಗಳಲ್ಲಿ 433 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ದಾಖಲೆ ಮಾಡಿದ ಮೈಕ್ ಹೆಸ್‌ಮನ್ ಹಲವು ವರ್ಷ ಆಡಿದ್ದು ಅಲ್ಲೇ. ಟೊಲೀಡೊ ಜನ ಅವರನ್ನು ತಮ್ಮೂರಿನವರೇ ಅಂದುಕೊಂಡರು. ಮೇಜರ್ ಲೀಗ್‌ನಲ್ಲಿ ಅವರು ಹೊಡೆದದ್ದು 14.